ಅಪ್ಪನ ಫೋನಿನ ನಂಬರುಗಳು

ತಮ್ಮಾ, ಅಪ್ಪನ ನೋಕಿಯಾ 6610 ಇನ್ನೂ ಆನ್ ಆಗುತ್ತದೆಂದು ಕೇಳಿ ಖುಷಿಯಾಯಿತು. ಅದರಲ್ಲಿರುವ ನಂಬರುಗಳು ಸಿಮ್ಮಿನಲ್ಲಿಲ್ಲ, ಫೋನಿನಲ್ಲೇ ಇವೆ ಎಂದೆಯಲ್ಲ, ಹಾಗಿದ್ದರೆ ತಡ ಮಾಡಬೇಡ. ಆ ಫೋನಿಗೆ ಬ್ಲೂಟೂತ್ ಇಲ್ಲ, ಮೆಮೊರಿ ಕಾರ್ಡೂ ಇಲ್ಲ. ಅದರ ಕೇಬಲ್ಲು ಈಗ ಸಿಗುವುದೂ ಕಷ್ಟ. ಉಳಿದ ದಾರಿ ಅದರ ಅಂಚಿನಲ್ಲಿರುವ ಕಪ್ಪು ಗಾಜಿನ ಇನ್‌ಫ್ರಾರೆಡ್. ಹಾಗಾಗಿ ಮನೆಯ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕುವ ಮಾತು ಸದ್ಯಕ್ಕೆ ಬಿಡು. ವಿಂಡೋಸ್ ಎಕ್ಸ್‌ಪಿ ಇರುವ ಆ ಮಷಿನ್ನು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಮೊದಲು ಡಬ್ಬಿ ಬಿಚ್ಚಿ ಮದರ್‌ಬೋರ್ಡ್ ನೋಡು. ಆ ಕಾಲದ ಬಹಳಷ್ಟು ಬೋರ್ಡುಗಳಲ್ಲಿ 'ಐಆರ್' ಎಂದು ಬರೆದ ಪುಟ್ಟ ಪಿನ್ನುಗಳ ಸಾಲು ಇರುತ್ತದೆ, ಆದರೆ ಅದಕ್ಕೆ ಸಿಕ್ಕಿಸುವ ಇನ್‌ಫ್ರಾರೆಡ್ ಕಣ್ಣನ್ನು ಬೇರೆಯಾಗಿ ಕೊಳ್ಳಬೇಕು. ಪಿನ್ನಿನ ಕ್ರಮ ಬೋರ್ಡಿನಿಂದ ಬೋರ್ಡಿಗೆ ಬೇರೆ. ಅದರಲ್ಲಿ 5 ವೋಲ್ಟಿನ ಪಿನ್ನೂ ಇದೆ, ಮ್ಯಾನ್ಯುಯಲ್ ನೋಡದೆ ಅಂದಾಜಿನ ಮೇಲೆ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ನನ್ನನ್ನು ಕೇಳಿದರೆ, ಯುಎಸ್‌ಬಿಗೆ ಹಾಕುವ ಹಳೇ ಇನ್‌ಫ್ರಾರೆಡ್ ಅಡಾಪ್ಟರು ಎಲ್ಲಾದರೂ ಸಿಕ್ಕರೆ ಅದೇ ವಾಸಿ. ಡ್ರೈವರ್ ಸಿಡಿಯನ್ನೂ ಕೇಳಿ ತಗೋ.

ಬೋರ್ಡಿನ ಪಿನ್ನನ್ನೇ ಬಳಸುವುದಾದರೆ, ಆನ್ ಮಾಡುವಾಗ ಡಿಲೀಟ್ ಕೀ ಒತ್ತಿ ಬಯಾಸ್‌ಗೆ ಹೋಗು. ಇಂಟಿಗ್ರೇಟೆಡ್ ಪೆರಿಫೆರಲ್ಸ್‌ನಲ್ಲಿ ಎರಡನೇ ಸೀರಿಯಲ್ ಪೋರ್ಟಿನ ಮೋಡ್ 'ನಾರ್ಮಲ್' ಇರುತ್ತದೆ, ಅದನ್ನು 'ಐಆರ್‌ಡಿಎ' ಮಾಡಿ ಸೇವ್ ಮಾಡು. ಆಮೇಲೆ ಆ ಪೋರ್ಟಿಗೆ ಬೇರೇನನ್ನೂ ಹಾಕಲಾಗದು.

ಇಲ್ಲೇ ಬಹಳ ಜನ ಸೋಲುವುದು. ಇಂದು ಮಾಡಿದ ಸೆಟ್ಟಿಂಗು ನಾಳೆ ಇರುವುದಿಲ್ಲ, ಕಣ್ಣೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದು ಬೋರ್ಡಿನ ಮೇಲಿನ ಸಿಆರ್2032 ಬಿಲ್ಲೆ ಸೆಲ್ಲು. ಅದು ಖಾಲಿಯಾದರೆ ಕರೆಂಟು ಹೋದಾಗಲೆಲ್ಲ ಬಯಾಸ್ ಎಲ್ಲವನ್ನೂ ಮರೆಯುತ್ತದೆ, ಗಡಿಯಾರವೂ ಹಿಂದಕ್ಕೆ ಹೋಗುತ್ತದೆ. ನಮ್ಮ ಜಾಲಹಳ್ಳಿಯಲ್ಲಿ ಕರೆಂಟಿನ ಆಟ ನಿನಗೆ ಗೊತ್ತಲ್ಲ. ದೇವದುರ್ಗಕ್ಕೆ ಹೋದಾಗ ಒಂದು ಸೆಲ್ಲು ತಂದು ಮೊದಲು ಅದನ್ನೇ ಬದಲಿಸು.

ಕಣ್ಣು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದಕ್ಕೆ ಸುಲಭದ ಪರೀಕ್ಷೆ ಇದೆ. ಕತ್ತಲಲ್ಲಿ ನಿನ್ನ ಈಗಿನ ಮೊಬೈಲಿನ ಸೆಲ್ಫಿ ಕ್ಯಾಮೆರಾವನ್ನು ಅದರ ಮುಂದೆ ಹಿಡಿ. ನಮ್ಮ ಕಣ್ಣಿಗೆ ಕಾಣದ ಕಿರಣ ಸ್ಕ್ರೀನಿನಲ್ಲಿ ಮಸುಕು ನೇರಳೆಯಾಗಿ ಮಿನುಗುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕೆಲವೊಮ್ಮೆ ಕಾಣದು, ಅದಕ್ಕೆ ಫಿಲ್ಟರ್ ಇರುತ್ತದೆ. ಟಿವಿ ರಿಮೋಟಿನ ಮೇಲೆ ಮೊದಲು ನೋಡಿ ಅಭ್ಯಾಸ ಮಾಡಿಕೋ.

ಇನ್ನು ಜಾಗದ ಮಾತು. 1993ರಲ್ಲಿ ಕಂಪನಿಗಳು ಕೂಡಿ ಕಟ್ಟಿದ ಐಆರ್‌ಡಿಎ ಸಂಘ ಮಾಡಿದ ನಿಯಮದಂತೆ ಇದರ ವ್ಯಾಪ್ತಿ ಸುಮಾರು 1 ಮೀಟರ್, ನೇರ ಗೆರೆಯಿಂದ ಆಚೀಚೆ 15 ಡಿಗ್ರಿ ಅಷ್ಟೇ. ಗೋಡೆ ದಾಟದು, ಕೈ ಅಡ್ಡ ಬಂದರೂ ನಿಲ್ಲುತ್ತದೆ. ಎರಡು ಗಾಜನ್ನೂ ಒರೆಸಿ, ಒಂದು ಗೇಣು ದೂರದಲ್ಲಿ ಎದುರುಬದುರು ಇಡು. ಅಂಗಳದ ಕಡೆಯ ಕಿಟಕಿ ಮುಚ್ಚು, ಸಾಧ್ಯವಾದರೆ ಸಂಜೆ ಮೇಲೆ ಕೂತುಕೋ. ರಾಯಚೂರು ಸೀಮೆಯ ಬಿಸಿಲಿನಲ್ಲಿ ಇದೇ ಜಾತಿಯ ಕಿರಣ ತುಂಬಿರುತ್ತದೆ, ಫೋನಿನ ಸಣ್ಣ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ.

ಕಂಪ್ಯೂಟರನ್ನು ಸಿದ್ಧ ಮಾಡಿದ ಮೇಲೇ ಫೋನಿನ ಇನ್‌ಫ್ರಾರೆಡ್ ಆನ್ ಮಾಡು. ಎರಡು ನಿಮಿಷದಲ್ಲಿ ಏನೂ ನಡೆಯದಿದ್ದರೆ ಅದು ತಾನೇ ಬಂದ್ ಆಗುತ್ತದೆ. ಫೋನಿನಲ್ಲಿ ಅದರ ಗುರುತು ಮಿನುಗುತ್ತಿದ್ದರೆ ಇನ್ನೂ ಹುಡುಕುತ್ತಿದೆ ಅಥವಾ ಕೊಂಡಿ ತಪ್ಪಿದೆ ಎಂದರ್ಥ. ಅಲುಗದೆ ನಿಂತರೆ ಸಿಕ್ಕಿತು. ಕಂಪ್ಯೂಟರಿನಲ್ಲಿ ನೋಕಿಯಾದ ಪಿಸಿ ಸೂಟ್ ಸಾಫ್ಟ್‌ವೇರ್ ಇದ್ದರೆ ಎಲ್ಲ ನಂಬರುಗಳೂ ಒಟ್ಟಿಗೆ ಬರುತ್ತವೆ. ಇಲ್ಲದಿದ್ದರೆ ಒಂದೊಂದು ಹೆಸರನ್ನೂ ಬಿಸಿನೆಸ್ ಕಾರ್ಡಾಗಿ ಕಳಿಸು, ಎಕ್ಸ್‌ಪಿ ಕೇಳಿದಾಗ ಒಪ್ಪಿಗೆ ಕೊಡು, ಫೈಲು ಡೆಸ್ಕ್‌ಟಾಪಿಗೆ ಬಂದು ಕೂರುತ್ತದೆ. ವೇಗ ಸೆಕೆಂಡಿಗೆ 115 ಕಿಲೋಬಿಟ್ ಅಷ್ಟೇ ಆದರೂ ಒಂದು ಹೆಸರು, ನಂಬರಿಗೆ ಅದು ಧಾರಾಳ. ಬೇಸರವಾಗುವುದು ಕಳಿಸುವ ಬಟನ್ ಒತ್ತಿ ಒತ್ತಿ. ಊರಿನವರ, ಬೀಗರ ಹೆಸರುಗಳಿಂದ ಶುರು ಮಾಡು. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಲೇಬೇಡ, ಹೊಸದು ಹಾಕಿ ಮುಂದುವರಿ. ಬಂದದ್ದನ್ನು ಅದೇ ದಿನ ಪೆನ್‌ಡ್ರೈವಿಗೆ ಹಾಕು, ಒಂದು ಪ್ರಿಂಟ್ ತೆಗೆಸಿ ಅವ್ವನ ಕೈಗೂ ಕೊಡು.