ಆರು ವಾರ ಎಂದರೆ ಯಾವ ತಾರೀಖು?

ಅಕ್ಕ ತಂಗಿಯರೇ, ತಾಯಿ ಕಾರ್ಡ್ ತೆಗೆದು ನೋಡಿರಿ. ಮಗುವಿಗೆ 6 ವಾರಕ್ಕೆ, 10 ವಾರಕ್ಕೆ, 14 ವಾರಕ್ಕೆ ಚುಚ್ಚುಮದ್ದು. ನಾಯಿಕೆಮ್ಮು, ಗಂಟಲುಮಾರಿ, ಧನುರ್ವಾಯು ತಡೆಯುವ ಮದ್ದು ಇದು. ಎಳೆಗೂಸಿಗೆ ನಾಯಿಕೆಮ್ಮು ಬಂದರೆ ಪ್ರಾಣಕ್ಕೇ ಅಪಾಯ. 6 ವಾರ ತುಂಬುವ ಮೊದಲು ಹಾಕುವುದಿಲ್ಲ. ತಡ ಮಾಡುವುದೂ ಬೇಡ.

“ಆರು ವಾರ ಅಂದ್ರೆ ಒಂದೂವರೆ ತಿಂಗಳು ತಾನೆ?” ಅಂತೀರಿ. ಅಲ್ಲ. ಒಂದು ತಿಂಗಳಿಗೆ 31 ದಿನ, ಇನ್ನೊಂದಕ್ಕೆ 30, ಫೆಬ್ರವರಿಗೆ 28. ವಾರಕ್ಕೆ ಮಾತ್ರ ಯಾವಾಗಲೂ 7. ಅದಕ್ಕೇ ವಾರವನ್ನು ಮೊದಲು ದಿನ ಮಾಡಿಕೊಳ್ಳಬೇಕು.

6 × 7 = 42 ದಿನ.

ಮಗು ಹುಟ್ಟಿದ್ದು 2025ರ ಜನವರಿ 20, ಸೋಮವಾರ ಎನ್ನಿ. ಜನವರಿಗೆ 31 ದಿನ. 31ರಲ್ಲಿ 20 ಕಳೆದರೆ 11. 42ರಲ್ಲಿ 11 ಹೋದರೆ 31. ಫೆಬ್ರವರಿ 28 ದಿನ ನುಂಗಿತು. ಉಳಿದದ್ದು 3. ಮಾರ್ಚ್ 3ಕ್ಕೆ 6 ವಾರ ತುಂಬುತ್ತದೆ. ಕ್ಯಾಲೆಂಡರ್ ನೋಡಿರಿ, ಅದೂ ಸೋಮವಾರವೇ! ಮಂಗಳವಾರವೋ ಭಾನುವಾರವೋ ಬಂತು ಅಂದ್ರೆ ಲೆಕ್ಕ ತಪ್ಪಿದೆ, ಮತ್ತೆ ಮಾಡಿರಿ.

2028ರಲ್ಲಿ ಫೆಬ್ರವರಿಗೆ 29 ದಿನ. ಆಗ ಮಾರ್ಚ್ 2.

ಎರಡನೆಯದು ಮತ್ತೆ 4 ವಾರಕ್ಕೆ, ಅಂದರೆ 28 ದಿನಕ್ಕೆ. ಮಾರ್ಚ್ 31. “ತಿಂಗಳು ಬಿಟ್ಟು ಹೋದ್ರಾಯ್ತು” ಎಂದು ಏಪ್ರಿಲ್ 3ಕ್ಕೆ ಹೋದರೆ 3 ದಿನ ತಡ. ತಡವಾಯಿತೆಂದು ಬಿಟ್ಟುಬಿಡಬೇಡಿ, ಹೋಗಿ ಹಾಕಿಸಿರಿ.

ಬಹಳ ಕಂಪ್ಯೂಟರುಗಳು ಮಾಡುವುದೂ ಇದೇ. 1970ರ ಜನವರಿ 1ರಿಂದ ಹೊತ್ತು ಎಣಿಸುತ್ತವೆ, ಕೇಳಿದಾಗ ತಾರೀಖು ಮಾಡಿ ಹೇಳುತ್ತವೆ. ನಮಗೆ ಮಗು ಹುಟ್ಟಿದ ದಿನದಿಂದ ಎಣಿಸಿದರೆ ಸಾಕು.

ನೀವೇ ಮಾಡಿರಿ: ಇದೇ ಮಗುವಿಗೆ ಮೂರನೆಯ ಚುಚ್ಚುಮದ್ದು ಯಾವ ತಾರೀಖು? ಯಾವ ವಾರ?