ಆ 40 ಗಂಟೆಯ ತರಬೇತಿ ಬೇಡ, ಪುಟ್ಟಿ

ಪುಟ್ಟಿ,

ಟೆನೆಸಿಯ ಶಾಲೆಯಲ್ಲಿ ನಿನಗೆ ಟೀಚರ್ ಕೆಲಸ ಸಿಕ್ಕಿತೆಂದು ಕೇಳಿ ಹಿಗ್ಗಿದೆ. ಆಮೇಲೆ ಫೋನಿನಲ್ಲಿ ನೀನು ಕೇಳಿದ ಮಾತು ನಿದ್ದೆಗೆಡಿಸಿತು: "ದೊಡ್ಡಪ್ಪಾ, ನಾನೂ ಪಿಸ್ತೂಲಿನ ತರಬೇತಿ ತಗೊಳ್ಳಲಾ?"

ಬೇಡ ಮಗಳೇ.

ನಿನ್ನ ಭಯ ಸುಳ್ಳಲ್ಲ. 2023ರ ಮಾರ್ಚಿನಲ್ಲಿ ನ್ಯಾಶ್‌ವಿಲ್‌ನ ಕವೆನೆಂಟ್ ಶಾಲೆಯಲ್ಲಿ ಒಂಬತ್ತು ವರ್ಷದ ಮೂರು ಮಕ್ಕಳು, ಮೂವರು ದೊಡ್ಡವರು ಗುಂಡಿಗೆ ಬಲಿಯಾದರು. ಮರುವರ್ಷ ನಿಮ್ಮ ರಾಜ್ಯ ಕಾನೂನು ತಂದಿತು. 40 ಗಂಟೆ ತರಬೇತಿ, ಮಾನಸಿಕ ತಪಾಸಣೆ, ಮೇಲಿನವರ ಒಪ್ಪಿಗೆ ಇದ್ದರೆ ಶಿಕ್ಷಕರು ಅಂಗಿಯ ಮರೆಯಲ್ಲಿ ಪಿಸ್ತೂಲು ಇಟ್ಟುಕೊಂಡೇ ಪಾಠ ಮಾಡಬಹುದು. ಯಾರ ಬಳಿ ಇದೆಯೆಂದು ಅಪ್ಪ ಅಮ್ಮಂದಿರಿಗೂ ತಿಳಿಸುವುದಿಲ್ಲ. ಟೆಕ್ಸಸ್‌ನ ಯುವಾಲ್ಡೆಯ ಶಾಲೆಯಲ್ಲಿ 2022ರಲ್ಲಿ 19 ಮಕ್ಕಳು, ಇಬ್ಬರು ಟೀಚರು ಸತ್ತ ದಿನ 376 ಮಂದಿ ಪೊಲೀಸರು ಅಲ್ಲಿ ಸೇರಿದ್ದರು. ಆದರೂ ಕೊಲೆಗಾರನಿದ್ದ ಕೋಣೆಗೆ ನುಗ್ಗಲು 77 ನಿಮಿಷ ಹಿಡಿಯಿತು. ಅದೇ ಕಸುಬಿನವರ ಗತಿ ಹೀಗಾದರೆ, ಸೀಮೆಸುಣ್ಣ ಹಿಡಿದ ಕೈಗೆ 40 ಗಂಟೆ ಏನು ಕಲಿಸೀತು?

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಮಿನೆಸೋಟದ ಸೇಂಟ್ ಪಾಲ್‌ನಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ ಕಪ್ಪುವರ್ಣೀಯ ಶಾಲೆಯೊಂದರ ಊಟದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ. ಸಾಲಿನಲ್ಲಿ ಬರುವ ನೂರಾರು ಮಕ್ಕಳ ಹೆಸರು, ಯಾರಿಗೆ ಏನು ತಿಂದರೆ ಆಗದು, ಎಲ್ಲ ಅವನಿಗೆ ಬಾಯಿಪಾಠ. 2016ರ ಜುಲೈನಲ್ಲಿ ಪೊಲೀಸನೊಬ್ಬ ಅವನ ಕಾರು ನಿಲ್ಲಿಸಿದ. ನನ್ನ ಬಳಿ ಬಂದೂಕಿದೆ ಎಂದು ತಾನಾಗಿಯೇ ಹೇಳಿದ ಅವನು. ಪರವಾನಗಿಯೂ ಇತ್ತು. ಒಂದು ನಿಮಿಷವೂ ಕಳೆಯಲಿಲ್ಲ, ಏಳು ಗುಂಡು ಹಾರಿದವು. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಹೆಣ್ಣುಮಗು ಕೂತಿತ್ತು. ಕ್ಯಾಸ್ಟೀಲ್ ಸತ್ತ. ಗುಂಡು ಹಾರಿಸಿದ ಪೊಲೀಸ ಮರುವರ್ಷ ಖುಲಾಸೆಯಾದ.

2018ರಲ್ಲಿ ಪಾರ್ಕ್‌ಲ್ಯಾಂಡಿನ ಶಾಲೆಯೊಂದರಲ್ಲಿ 17 ಮಂದಿ ಗುಂಡಿಗೆ ಬಲಿಯಾದ ಮೇಲೆ ಅಧ್ಯಕ್ಷ ಟ್ರಂಪ್ ಶಿಕ್ಷಕರ ಕೈಗೆ ಬಂದೂಕು ಕೊಡುವ ಮಾತೆತ್ತಿದರು. ಆಗ ಕಪ್ಪುವರ್ಣೀಯ ಶಿಕ್ಷಕರು ಕೇಳಿದ್ದು ಇದನ್ನೇ: ಕಾರಿಡಾರಿನಲ್ಲಿ ಪಿಸ್ತೂಲು ಹಿಡಿದು ನಿಂತ ನಾನು ಓಡಿಬಂದ ಪೊಲೀಸರ ಕಣ್ಣಿಗೆ ಮೇಷ್ಟ್ರಾಗಿ ಕಾಣುತ್ತೇನೋ, ಕೊಲೆಗಾರನಾಗಿಯೋ? ನಿನ್ನ ಮೈಬಣ್ಣಕ್ಕೂ ಈ ಪ್ರಶ್ನೆ ತಪ್ಪದು.

ಇನ್ನು ನಿನ್ನ ಕಣ್ಣಿನ ಮಾತು. ನೀನು ಬಂದಿಳಿದ ದಿನ ಏರ್‌ಪೋರ್ಟಿನಿಂದ ಕರೆತರುವಾಗಲೇ ನಾನು ಹೇಳಿದ್ದೆ, "ಆ ಕಡೆ ಹೋಗಬೇಡ, ಕರಿಯರ ಏರಿಯಾ." ನಮ್ಮವರು ಹೊಸಬರಿಗೆ ಮೊದಲು ಕಲಿಸುವ ಪಾಠವೇ ಅದು. ತಪ್ಪು ಮಾಡಿದೆ, ಪುಟ್ಟಿ. ನಾನು ಬಿತ್ತಿದ ಹೆದರಿಕೆ ನಿನ್ನೊಳಗೆ ಎಲ್ಲೋ ಕೂತಿರುತ್ತದೆ. ಇಲ್ಲಿನ ಸರ್ಕಾರದ ಲೆಕ್ಕವನ್ನೇ ನೋಡು: 2013-14ರಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಲ್ಲಿ ಕಪ್ಪುವರ್ಣೀಯರು ಶೇ. 15.5, ಅಮಾನತಾದವರಲ್ಲಿ ಶೇ. 39. ಶಿಕ್ಷೆ ಕೊಟ್ಟವರೆಲ್ಲ ಕೆಟ್ಟವರೇನಲ್ಲ. ಹೆದರಿದ ಕಣ್ಣಿಗೆ ಜೇಬಿಗೆ ಹೋದ ಕೈ ಬೇರೆಯಾಗಿಯೇ ಕಾಣುತ್ತದೆ. ಬರಿಗೈಯಲ್ಲಿ ಮಾಡಿದ ತಪ್ಪಾದರೆ ಮರುದಿನ ಆ ಮಗುವಿನ ಕ್ಷಮೆ ಕೇಳಬಹುದು.

ಬಾಗಿಲಿಗೆ ಬೇಗ ಬೀಗ ಹಾಕುವುದನ್ನು, ಮಕ್ಕಳನ್ನು ಸದ್ದಿಲ್ಲದೆ ಮೂಲೆಯಲ್ಲಿ ಕೂರಿಸುವುದನ್ನು ಚೆನ್ನಾಗಿ ಕಲಿ. ರಕ್ತ ನಿಲ್ಲುವಂತೆ ಪಟ್ಟಿ ಕಟ್ಟುವುದನ್ನೂ ಕಲಿ. ಮೊದಲ ವಾರವೇ ಎಲ್ಲರ ಹೆಸರು ಬಾಯಿಪಾಠ ಮಾಡು, ಕ್ಯಾಸ್ಟೀಲ್ ಮಾಡಿದ ಹಾಗೆ. ಹಿಂದಿನ ಸಾಲಿನಲ್ಲಿ ಯಾರೊಡನೆಯೂ ಮಾತಾಡದೆ ಕೂರುವ ಹುಡುಗನ ಹೆಸರು ಎಲ್ಲಕ್ಕಿಂತ ಮೊದಲು. ಭಾನುವಾರ ಫೋನ್ ಮಾಡುತ್ತೇನೆ, ಎಷ್ಟು ಹೆಸರು ಬಂತು ಹೇಳು.