ಅಮೆರಿಕದ ಬಾಟಲಿ, ಬೆಟಗೇರಿಯ ಕೊಲೆಸ್ಟ್ರಾಲ್

ಪ್ರಶ್ನೆ: ನನಗೆ 54 ವರ್ಷ. ಮಗ್ಗದ ಮುಂದೆ ಕೂತೇ ದಿನ ಕಳೆಯುತ್ತದೆ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳನ್ನು ಕೇಳಿ ಅಂಜಿ ರಕ್ತ ತಪಾಸಣೆ ಮಾಡಿಸಿದೆ. ಎಲ್‌ಡಿಎಲ್ 168, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 210, ಬರಿ ಹೊಟ್ಟೆಯ ಶುಗರ್ 116. ಡಾಕ್ಟರು ಅಟೊರ್ವಾಸ್ಟಾಟಿನ್ ಗುಳಿಗೆ ಬರೆದಿದ್ದಾರೆ. ಒಮ್ಮೆ ಹಿಡಿದರೆ ಸಾಯೋತನಕ ಬಿಡೋ ಹಾಗಿಲ್ಲ ಅಂತಾರೆ ಜನ. ಅಮೆರಿಕದಿಂದ ಬಂದ ಅಳಿಯ 500 ಮಿ.ಗ್ರಾಂ ನಯಾಸಿನ್ ಬಾಟಲಿ ತಂದು, ‘ಮಾವಾ, ಇದು ಬರೇ ವಿಟಮಿನ್, ಏನೂ ಆಗೋದಿಲ್ಲ’ ಅಂದಿದ್ದಾನೆ. ಗುಳಿಗೆ ಬಿಟ್ಟು ಇದನ್ನೇ ತಗೊಳ್ಳಲೇ?
– ಒಬ್ಬ ನೇಕಾರ, ಬೆಟಗೇರಿ

ಉತ್ತರ: ಬೇಡ. ಅಳಿಯನ ಅಕ್ಕರೆ ದೊಡ್ಡದು, ಆದರೆ ಆ ಬಾಟಲಿ ನಿಮಗೆ ಹೊಂದುವುದಲ್ಲ.

ಮೊದಲು ಬಾಟಲಿಯ ಹಿಂದಿನ ಸಣ್ಣ ಅಕ್ಷರಗಳನ್ನು ಯಾರಿಂದಾದರೂ ಓದಿಸಿ. ನಯಾಸಿನ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಪದಾರ್ಥಗಳು ಮಾರಾಟವಾಗುತ್ತವೆ. ಕೊಲೆಸ್ಟ್ರಾಲ್ ಇಳಿಸುವುದು ನಿಕೋಟಿನಿಕ್ ಆಮ್ಲ ಮಾತ್ರ. ಈ ಹೆಸರು ಕೇಳಿ ತಂಬಾಕು ನೆನಪಾದೀತೆಂದೇ ‘ನಯಾಸಿನ್’ ಎಂಬ ಹೊಸ ಹೆಸರನ್ನು ಹುಟ್ಟಿಸಿದ್ದು. ಅದನ್ನು ನುಂಗಿದರೆ ಮುಖ, ಕುತ್ತಿಗೆ ಕೆಂಪೇರಿ ಬ್ಯಾಡಗಿ ಮೆಣಸಿನಕಾಯಿ ಪುಡಿ ಸವರಿದ ಹಾಗೆ ಉರಿಯುತ್ತವೆ, ತುರಿಸುತ್ತವೆ. ಹೀಗಾಗಿ ‘ಫ್ಲಶ್ ಫ್ರೀ’ ಎಂದು ಬರೆದ ಬಾಟಲಿಗಳು ಬಂದವು. ಅವುಗಳಲ್ಲಿ ಬಹುಮಟ್ಟಿಗೆ ಇರುವುದು ಇನೋಸಿಟಾಲ್ ಹೆಕ್ಸಾನಿಕೋಟಿನೇಟ್. ಅದರಿಂದ ಉರಿಯೂ ಇಲ್ಲ, ಕೊಲೆಸ್ಟ್ರಾಲ್ ಇಳಿಯುವುದೂ ಇಲ್ಲವೆನ್ನುವಷ್ಟು.

ನಿಮ್ಮದು ಅಸಲಿ ನಿಕೋಟಿನಿಕ್ ಆಮ್ಲವೇ ಆಗಿದ್ದರೆ ವಿಷಯ ಇನ್ನೂ ಗಂಭೀರ. ನಮ್ಮ ದೇಹಕ್ಕೆ ದಿನಕ್ಕೆ ಬೇಕಾದ ನಯಾಸಿನ್ 15 ಮಿ.ಗ್ರಾಂ ಆಸುಪಾಸು. ಕೊಲೆಸ್ಟ್ರಾಲ್ ಇಳಿಸಲು ಬೇಕಾಗುವುದು 1,000ದಿಂದ 2,000 ಮಿ.ಗ್ರಾಂ. ನೂರು ಪಟ್ಟು ತಗೊಂಡ ಮೇಲೆ ಅದನ್ನು ‘ಬರೇ ವಿಟಮಿನ್’ ಎನ್ನಲಾಗದು, ಅದು ಔಷಧವೇ. ಶುಗರ್ ಏರಿಸುತ್ತದೆ, ಯೂರಿಕ್ ಆಮ್ಲ ಹೆಚ್ಚಿಸಿ ಕೀಲು ಬಾವು ತರಬಲ್ಲದು. ನಿಧಾನವಾಗಿ ಕರಗುವ ನಮೂನೆಯ ಗುಳಿಗೆಗಳು ಯಕೃತ್ತನ್ನೇ ಕೆಡಿಸಿದ ಉದಾಹರಣೆಗಳಿವೆ. ನಿಮ್ಮ ಶುಗರ್ ಈಗಾಗಲೇ 116, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲೇ ನಿಂತಿದ್ದೀರಿ.

ಹಾಗಾದರೆ ಡಾಕ್ಟರುಗಳು ಇದನ್ನು ಯಾಕೆ ಕೊಡುತ್ತಿದ್ದರು? 1955ರಲ್ಲಿ ಕೆನಡಾದ ರುಡಾಲ್ಫ್ ಆಲ್ಟ್‌ಶುಲ್ ಮತ್ತು ಸಂಗಡಿಗರು ನಿಕೋಟಿನಿಕ್ ಆಮ್ಲ ಕೊಲೆಸ್ಟ್ರಾಲ್ ಇಳಿಸುತ್ತದೆಂದು ತೋರಿಸಿದರು. ಆಗ ಸ್ಟಾಟಿನ್‌ಗಳು ಇರಲಿಲ್ಲ. ನಯಾಸಿನ್ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಇಳಿಸಿ, ಒಳ್ಳೆಯದೆನ್ನುವ ಎಚ್‌ಡಿಎಲ್ ಏರಿಸಿ, ಟ್ರೈಗ್ಲಿಸರೈಡನ್ನೂ ತಗ್ಗಿಸುತ್ತಿತ್ತು. ಚೀಟಿಯ ಮೇಲಿನ ಮೂರೂ ಅಂಕಿ ಒಮ್ಮೆಗೇ ಸರಿಹೋಗುವುದು ಕಂಡರೆ ಯಾವ ಡಾಕ್ಟರಿಗೆ ಖುಷಿಯಾಗದು? ನಾನೂ ಬರೆದುಕೊಟ್ಟವನೇ.

ಆಮೇಲೆ ದೊಡ್ಡ ಪರೀಕ್ಷೆಗಳು ನಡೆದವು. ಅಮೆರಿಕ ಮತ್ತು ಕೆನಡಾದಲ್ಲಿ 3,414 ಹೃದ್ರೋಗಿಗಳಿಗೆ ಸ್ಟಾಟಿನ್ ಇರುವಂತೆಯೇ ಅರ್ಧ ಜನಕ್ಕೆ ನಯಾಸಿನ್ ಸೇರಿಸಿ ನೋಡಿದರು. ಎಚ್‌ಡಿಎಲ್ ಏರಿತು, ಹೃದಯಾಘಾತ ಕಡಿಮೆಯಾಗಲಿಲ್ಲ. 2011ರಲ್ಲಿ ಅವಧಿಗೆ ಮುಂಚೆಯೇ ಅದನ್ನು ನಿಲ್ಲಿಸಿದರು. ಬ್ರಿಟನ್, ಚೀನಾ ಮತ್ತು ಉತ್ತರ ಯುರೋಪಿನ 25,673 ಜನರ ಮೇಲೆ, ಮೈ ಉರಿ ತಡೆಯುವ ಇನ್ನೊಂದು ಔಷಧ ಜೋಡಿಸಿ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬಂತು. ಅಲ್ಲೂ ಅದೇ ಕಥೆ. ಮೇಲಾಗಿ ಹೊಸದಾಗಿ ಸಕ್ಕರೆ ಕಾಯಿಲೆ ಬಂದವರು, ಸೋಂಕು ಮತ್ತು ರಕ್ತಸ್ರಾವದಿಂದ ನರಳಿದವರು ನಯಾಸಿನ್ ತಗೊಂಡ ಗುಂಪಿನಲ್ಲೇ ಹೆಚ್ಚು. ಕಾಗದದ ಮೇಲಿನ ಎಚ್‌ಡಿಎಲ್ ಏರಿದ ಮಾತ್ರಕ್ಕೆ ಎದೆಯೊಳಗಿನ ರಕ್ತನಾಳ ತೆರೆಯುವುದಿಲ್ಲವೆಂದು ನಾವು ಡಾಕ್ಟರುಗಳು ಕಲಿತದ್ದು ಹೀಗೆ, ತಡವಾಗಿ.

ಅಟೊರ್ವಾಸ್ಟಾಟಿನ್ ವಿಷಯಕ್ಕೆ ಬರೋಣ. ದಿನಕ್ಕೆ 20 ಮಿ.ಗ್ರಾಂ ಗುಳಿಗೆ ಎಲ್‌ಡಿಎಲ್ ಅನ್ನು ಶೇ 40ರ ಆಸುಪಾಸು ಇಳಿಸುತ್ತದೆ, ಹೃದಯಾಘಾತವನ್ನೂ ಕಡಿಮೆ ಮಾಡುತ್ತದೆ. ಸ್ಟಾಟಿನ್ ಕೂಡ ಶುಗರನ್ನು ತುಸು ಏರಿಸಬಹುದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದರಿಂದಾಗುವ ಲಾಭ ಆ ಕೊರತೆಯನ್ನು ಮೀರಿಸುತ್ತದೆ. ತೊಡೆ, ತೋಳು ನೋಯತೊಡಗಿದರೆ ಸುಮ್ಮನೆ ಬಿಡದೆ ಡಾಕ್ಟರಿಗೆ ಹೇಳಿ. ಪ್ರಮಾಣ ತಗ್ಗಿಸಬಹುದು, ಎಜೆಟಿಮೈಬ್ ಎಂಬ ಇನ್ನೊಂದು ಗುಳಿಗೆ ಸೇರಿಸಬಹುದು. ಜೊತೆಗೆ ಮಗ್ಗದಿಂದ ಎದ್ದು ದಿನಾ ಅರ್ಧ ಗಂಟೆ ಭೀಷ್ಮಕೆರೆಯ ಕಡೆ ನಡೆಯಿರಿ, ಸಂಜೆಯ ಮಿರ್ಚಿ ಭಜಿ ವಾರಕ್ಕೊಮ್ಮೆ ಸಾಕು.

ಪ್ರಶ್ನೆ: ಬಾಯಿಹುಣ್ಣಿಗೆ ಬಿ-ಕಾಂಪ್ಲೆಕ್ಸ್ ಗುಳಿಗೆ ತಗೊಳ್ತಿದ್ದೇನೆ. ಅದರಲ್ಲಿ ಬಿ3, ಅಂದರೆ ನಯಾಸಿನ್, ಇದೆಯಲ್ಲ, ಕೊಲೆಸ್ಟ್ರಾಲಿಗೂ ಆಗಬಹುದೇ?
– ಗೃಹಿಣಿ, ಮುಂಡರಗಿ

ಉತ್ತರ: ಇಲ್ಲ. ಅದರಲ್ಲಿ ಸಾಮಾನ್ಯವಾಗಿ ಇರುವುದು ನಿಕೋಟಿನಮೈಡ್ ಎಂಬ ಬಿ3ಯ ಇನ್ನೊಂದು ರೂಪ. ವಿಟಮಿನ್ ಕೊರತೆಗೆ ಒಳ್ಳೆಯದು, ಕೊಲೆಸ್ಟ್ರಾಲನ್ನು ಮುಟ್ಟುವುದಿಲ್ಲ.

ಪ್ರಶ್ನೆ: ಅಪ್ಪನಿಗೆ ಸ್ಟೆಂಟ್ ಹಾಕಿ ಹಲವು ವರ್ಷವಾಯಿತು. ಅಂದಿನ ಚೀಟಿಯಲ್ಲಿ ಸ್ಟಾಟಿನ್ ಮತ್ತು ನಯಾಸಿನ್ ಎರಡೂ ಇವೆ. ಅದನ್ನೇ ತೋರಿಸಿ ಔಷಧಿ ತರುತ್ತಿದ್ದೇವೆ. ಮುಂದುವರಿಸಬಹುದೇ?
– ಓದುಗ, ಶಿರಹಟ್ಟಿ

ಉತ್ತರ: ಹಳೆಯ ಚೀಟಿಯನ್ನೇ ವರ್ಷಗಟ್ಟಲೆ ತೋರಿಸುತ್ತ ಹೋಗುವುದು ನಮ್ಮಲ್ಲಿ ದೊಡ್ಡ ಪಿಡುಗು. ಸ್ಟಾಟಿನ್ ಜೊತೆ ನಯಾಸಿನ್ ಕೊಡಲು ಇದ್ದ ಅನುಮತಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಹಿಂತೆಗೆದುಕೊಂಡಿದೆ. ಈ ವಾರವೇ ಅಪ್ಪನನ್ನು ಡಾಕ್ಟರಿಗೆ ತೋರಿಸಿ. ಅವರು ಬಹುಶಃ ನಯಾಸಿನ್ ನಿಲ್ಲಿಸುತ್ತಾರೆ. ಆದರೆ ನೀವೇ ಯಾವುದನ್ನೂ ನಿಲ್ಲಿಸಬೇಡಿ. ಮುಖ್ಯವಾಗಿ ಸ್ಟಾಟಿನ್ ಮತ್ತು ಆಸ್ಪಿರಿನ್ ಒಂದು ದಿನವೂ ತಪ್ಪಬಾರದು.

ಪ್ರಶ್ನೆ: ಜೋಳದ ರೊಟ್ಟಿ ತಿನ್ನುವವರಿಗೆ ನಯಾಸಿನ್ ಕೊರತೆ ಬರುತ್ತದೆ ಅಂತ ಎಲ್ಲೋ ಓದಿದೆ. ನಮ್ಮ ಮನೆಯಲ್ಲಿ ಮೂರು ಹೊತ್ತೂ ರೊಟ್ಟಿಯೇ. ಗುಳಿಗೆ ಬೇಕೇ?
– ಶಿಕ್ಷಕಿ, ಲಕ್ಷ್ಮೇಶ್ವರ

ಉತ್ತರ: ನೀವು ಓದಿದ್ದರಲ್ಲಿ ಹುರುಳಿದೆ. ಆ ರೋಗದ ಹೆಸರು ಪೆಲಾಗ್ರ. ಬಿಸಿಲು ತಾಗುವ ಕೈ, ಪಾದ, ಕುತ್ತಿಗೆಯ ಚರ್ಮ ಕಪ್ಪಾಗಿ ಸಿಪ್ಪೆ ಏಳುತ್ತದೆ, ಹೊಟ್ಟೆ ಕೆಡುತ್ತದೆ, ಕಡೆಗೆ ಬುದ್ಧಿಯೂ ಮಂಕಾಗುತ್ತದೆ. ಇದು ಮೆಕ್ಕೆಜೋಳವನ್ನೇ ನೆಚ್ಚಿದವರ ರೋಗವೆಂದು ಜಗತ್ತು ನಂಬಿತ್ತು. ದಖ್ಖನ್ ಸೀಮೆಯ ಜೋಳ ಉಣ್ಣುವ ಬಡವರಲ್ಲೂ ಅದಿದೆಯೆಂದು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ವರದಿ ಮಾಡಿದರು. ಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲವೇ ಕಾರಣವೆಂದು ಅವರ ವಾದ. ಅದರ ಬಗ್ಗೆ ಆಮೇಲೆ ಭಿನ್ನಾಭಿಪ್ರಾಯಗಳೂ ಬಂದವು.

ಆದರೆ ರೋಗ ಬಂದದ್ದು ರೊಟ್ಟಿ ಬಿಟ್ಟರೆ ಬೇರೇನೂ ಸಿಗದವರಿಗೆ. ನಿಮ್ಮ ತಾಟಿನಲ್ಲಿ ರೊಟ್ಟಿಯ ಪಕ್ಕ ಶೇಂಗಾ ಚಟ್ನಿ, ಬೇಳೆ, ಮೊಸರು ಇದ್ದೇ ಇರುತ್ತವಲ್ಲ? ಒಂದು ಹಿಡಿ ಶೇಂಗಾದಲ್ಲೇ, ಅಂದರೆ 30 ಗ್ರಾಂನಲ್ಲಿ, 3ರಿಂದ 4 ಮಿ.ಗ್ರಾಂ ನಯಾಸಿನ್ ಸಿಗುತ್ತದೆ. ಹಾಲು, ಬೇಳೆಯಲ್ಲಿರುವ ಟ್ರಿಪ್ಟೊಫಾನಿನಿಂದ ದೇಹ ತಾನೇ ಇನ್ನಷ್ಟು ಮಾಡಿಕೊಳ್ಳುತ್ತದೆ. ಗುಳಿಗೆ ಬೇಡ.

ಇಂದು ನನಗೆ ಪೆಲಾಗ್ರ ಕಾಣಸಿಗುವುದು ಹೆಚ್ಚಾಗಿ ಊಟ ಬಿಟ್ಟು ಕುಡಿಯುವವರಲ್ಲಿ. ಕ್ಷಯಕ್ಕೆ ಐಸೋನಿಯಾಜಿಡ್ ತಗೊಳ್ಳುತ್ತಿರುವ, ಸರಿಯಾಗಿ ಉಣ್ಣದವರಿಗೂ ಬರಬಹುದು. ನಿಮ್ಮ ಶಾಲೆಯ ಯಾವ ಮಗುವಿನ ಮನೆಯಲ್ಲಾದರೂ ಅಂಥವರ ಕುತ್ತಿಗೆಯ ಸುತ್ತ ಕಪ್ಪು ಪಟ್ಟಿ ಕಂಡರೆ ದವಾಖಾನೆಗೆ ಕಳಿಸಿ. ಅವರಿಗೆ ಕೊಡುವುದು ಅಗ್ಗದ ನಿಕೋಟಿನಮೈಡ್, ಕೆಲವೇ ದಿನಗಳಲ್ಲಿ ಗುಣ ಕಾಣತೊಡಗುತ್ತದೆ.